ಎಲೆಗೆ ಸಿಂಪಡಣೆ, ತಲೆಗೆ ಸಾಲ
ಗಂಗಾವತಿಯ ಭತ್ತದ ಗದ್ದೆಗೆ ತುಂಗಭದ್ರಾ ಕಾಲುವೆಯಿದೆ. ಹೇಮಗುಡ್ಡದ ಒಣಬೇಸಾಯದ ಹೊಲಕ್ಕೆ ಮುಗಿಲೇ ದಿಕ್ಕು. ಮಳೆ ಕೈಕೊಟ್ಟು ಕೊತ್ತಂಬರಿ, ಮೆಂತ್ಯ ಬಾಡಿದಾಗ ಅಂಗಡಿಯವ ಬಣ್ಣದ ಬಾಟಲಿ ತೋರಿಸ್ತಾನೆ, ಉದ್ರಿ ಬರೀತಾನೆ.

ಒಂದು ಮಾತು ತಿಳಿಯಿರಿ. ಎಲೆಯ ಸಣ್ಣ ರಂಧ್ರಗಳು ತೆರೆದು ಮುಚ್ಚುವುದಕ್ಕೆ ಪೊಟ್ಯಾಷ್ ಬೇಕು. ಶೇ. 1ರ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಲೀಟರ್ ನೀರಿಗೆ 10 ಗ್ರಾಂ, ಸಂಜೆ ಹೊತ್ತು ಸಿಂಪಡಿಸಿದರೆ ಬೆಳೆ ಸ್ವಲ್ಪ ತಾಳೀತು. ಅದೂ ನೆಲದಲ್ಲಿ ಪಸೆ ಇದ್ದರೆ ಮಾತ್ರ. ಒಣಗಿದ ಗಿಡಕ್ಕೆ ಯಾವ ಔಷಧವೂ ನೀರಾಗದು. ಮೊದಲು ಎಡೆ ಹೊಡೆದು ಪಸೆ ಉಳಿಸ್ರಿ.

ಕೊತ್ತಂಬರಿ ಕಟ್ಟಿನ ದರ ನಮ್ಮ ಕೈಯಲ್ಲಿಲ್ಲ. ಖರ್ಚಾದರೂ ನಮ್ಮ ಕೈಯಲ್ಲಿರಲಿ. ಒಳಗೇನಿದೆ ಎಂದು ಬರೆಯದ ಬಾಟಲಿಗೆ ಸಾಲ ಮಾಡಬೇಡಿ. ಕೊಂಡದ್ದಕ್ಕೆ ರಸೀದಿ ಕೇಳ್ರಿ.