ಕುಲನಾಮ ಕೊಟ್ಟವರು ಯಾರು?



ಕರಾವಳಿ ಮೂಲದ ನಮ್ಮ ಕಥೋಲಿಕ ಮನೆತನಗಳಲ್ಲಿ ಕೆಲವು ದಶಕಗಳಿಂದ ಹೊಸದೊಂದು ಉತ್ಸಾಹ ಕಾಣಿಸಿಕೊಂಡಿದೆ. ಒಂದೇ ಕುಲನಾಮದ ಮನೆಗಳು ಕೂಡಿ ಸಂಘ ಕಟ್ಟಿಕೊಳ್ಳುತ್ತವೆ. ಬಲಿಪೂಜೆ, ಭೋಜನ, ಹಿರಿಯರ ಸನ್ಮಾನಗಳೊಡನೆ ಸಮ್ಮಿಲನ ಜರುಗುತ್ತದೆ. ಸಭಾಂಗಣದ ಗೋಡೆಯ ಮೇಲೆ ವಂಶವೃಕ್ಷ ತೂಗುತ್ತದೆ. ವಂಶಾವಳಿಯ ಪುಸ್ತಕ ಬಿಡುಗಡೆಯಾಗುತ್ತದೆ. ಅದರ ಪ್ರತಿ ಮರುಕ್ಷಣವೇ ಮೊಬೈಲ್ ಫೋನುಗಳ ಮೂಲಕ ಮುಂಬಯಿ, ದುಬೈ, ಟೊರಾಂಟೊಗಳನ್ನು ತಲುಪುತ್ತದೆ.

ಈ ಶ್ರಮವನ್ನು ಹಗುರವಾಗಿ ಕಾಣುವವನು ನಾನಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಅವರ ಚರ್ಚುಗಳು ನೆಲಸಮವಾದವು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಇಂಥ ಇತಿಹಾಸವುಳ್ಳ ಜನ ತಮ್ಮವರ ಹೆಸರುಗಳನ್ನು ಹುಡುಕಿ ಬರೆದಿಡುವುದು ಪುಣ್ಯಕಾರ್ಯವೇ ಸರಿ. ನನ್ನ ಆಕ್ಷೇಪವಿರುವುದು ಬರೆಯುವುದರ ಬಗ್ಗೆ ಅಲ್ಲ, ಬರೆಯುವ ನೆಪದಲ್ಲಿ ಅಳಿಸುವುದರ ಬಗ್ಗೆ.

ಇಂಥ ಪುಸ್ತಕಗಳಲ್ಲಿ ಕೆಲವನ್ನು ತೆರೆದು ನೋಡಿ. ಗಂಡುಮಕ್ಕಳ ಸಾಲು ಐದಾರು ತಲೆಮಾರು ಹರಿಯುತ್ತದೆ. ಹೆಣ್ಣುಮಕ್ಕಳ ಸಾಲು ‘ವಿವಾಹಿತೆ’ ಎಂಬ ಒಂದೇ ಪದಕ್ಕೆ ಮುಗಿಯುತ್ತದೆ. ದತ್ತುಮಗುವಿನ ಹೆಸರಿನ ಮೇಲೆ ನಕ್ಷತ್ರದ ಗುರುತು ಬೀಳುತ್ತದೆ, ಇಲ್ಲವೇ ಹೆಸರೇ ಇರುವುದಿಲ್ಲ. ಅವಿವಾಹಿತ ತಾಯಿಯ ಮಗು ಎಲ್ಲಿಯೂ ಸಿಗುವುದಿಲ್ಲ. ಅನ್ಯಧರ್ಮೀಯನನ್ನು ವರಿಸಿದವಳ ಕೊಂಬೆಯನ್ನು ಸದ್ದಿಲ್ಲದೆ ಕಡಿಯಲಾಗಿದೆ. ಆದರೆ ಮೊದಲ ಪುಟದಲ್ಲಿ ಮಾತ್ರ, ಯಾವ ದಾಖಲೆಯ ಆಧಾರವೂ ಇಲ್ಲದೆ, ಗೋವೆಯಿಂದ ಬಂದ ಉಚ್ಚಕುಲದ ಮೂಲಪುರುಷನೊಬ್ಬ ವಿರಾಜಮಾನನಾಗಿರುತ್ತಾನೆ! ಏಕೆ ಹೀಗೆ ಎಂದು ಕೇಳಿದರೆ ಸಮಿತಿಯವರ ಉತ್ತರ ಸಿದ್ಧವಾಗಿದೆ: “ಇದು ರಕ್ತಸಂಬಂಧದ ಪುಸ್ತಕ, ಫಾದರ್.”

ಈ ಉತ್ತರವನ್ನೇ ಪರೀಕ್ಷಿಸೋಣ. ಡಿಸೋಜ, ಪಿಂಟೊ, ಲೋಬೊ, ಸಲ್ಡಾನ್ಹಾ ಎಂಬ ಕುಲನಾಮಗಳು ನಮ್ಮ ಪೂರ್ವಜರಿಗೆ ರಕ್ತದಿಂದ ಬಂದವೇ? ಹದಿನಾರನೆಯ ಶತಮಾನದಿಂದೀಚೆಗೆ ಗೋವೆಯಲ್ಲಿ ಕ್ರೈಸ್ತರಾದವರಿಗೆ ಜ್ಞಾನಸ್ನಾನದ ವೇಳೆ ಈ ಪೋರ್ಚುಗೀಸ್ ಹೆಸರುಗಳು ದೊರೆತವು. ಜ್ಞಾನತಂದೆಯಾಗಿ ನಿಂತ ಪೋರ್ಚುಗೀಸನ ಕುಲನಾಮವೋ ಜ್ಞಾನಸ್ನಾನವಿತ್ತ ಗುರುವಿನ ಕುಲನಾಮವೋ ಹೊಸ ಕ್ರೈಸ್ತನದಾಯಿತು. ಪ್ರಭು, ಕಾಮತ್, ಪೈ, ನಾಯಕ್ ಮುಂತಾದ ಹಿಂದಿನ ಹೆಸರುಗಳು ಕೆಲವು ಮನೆಗಳಲ್ಲಿ ಜೊತೆಜೊತೆಗೆ ಉಳಿದುಕೊಂಡವು. ಆದ್ದರಿಂದಲೇ ಪರಸ್ಪರ ಯಾವ ಸಂಬಂಧವೂ ಇಲ್ಲದ ಮನೆಗಳು ಇಂದು ಒಂದೇ ಕುಲನಾಮ ಹೊತ್ತಿವೆ; ಒಂದೇ ಮೂಲದ ಮನೆಗಳು ಬೇರೆಬೇರೆ ಕುಲನಾಮ ಹೊತ್ತಿರುವುದೂ ಉಂಟು. ಅಂದರೆ ನಾವು ಹೆಮ್ಮೆಯಿಂದ ಬರೆದುಕೊಳ್ಳುವ ಕುಲನಾಮವೇ ಒಂದು ದತ್ತುಸ್ವೀಕಾರದ ಫಲ. ಹೀಗೆ ದತ್ತಾಗಿ ಬಂದ ಹೆಸರಿನಲ್ಲಿ ಸಂಘ ಕಟ್ಟಿ, ಆ ಸಂಘದ ಪುಸ್ತಕದಿಂದ ದತ್ತುಮಗುವನ್ನು ಹೊರಗಿಡುವುದು ಎಂಥ ನ್ಯಾಯ?

ನಮ್ಮ ವಂಶಾವಳಿಗಳಿಗೆ ಮುಖ್ಯ ಆಧಾರವಾದ ಧರ್ಮಕೇಂದ್ರದ ದಾಖಲೆ ಪುಸ್ತಕಗಳು ಹುಟ್ಟಿದ ಕಾರಣವನ್ನೂ ನೆನೆಯಬೇಕು. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಕೇಂದ್ರದಲ್ಲಿ ವಿವಾಹಗಳನ್ನು ದಾಖಲಿಸಬೇಕೆಂದು ವಿಧಿಸಿತು. ಗುಟ್ಟಾಗಿ ಒಬ್ಬಳನ್ನು ವರಿಸಿ, ಆಕೆಯನ್ನು ತೊರೆದು, ಎಲ್ಲರೆದುರು ಇನ್ನೊಬ್ಬಳನ್ನು ಮದುವೆಯಾಗುವ ಪುರುಷರಿದ್ದರು. ಅಂಥ ಅನ್ಯಾಯವನ್ನು ತಡೆಯುವುದು ಆ ವಿಧಿಯ ಉದ್ದೇಶಗಳಲ್ಲೊಂದು. ಕೈಬಿಟ್ಟ ಹೆಣ್ಣಿನ ರಕ್ಷಣೆಗಾಗಿಯೂ ತೆರೆದ ಪುಸ್ತಕದಿಂದ ನಾವಿಂದು ಗಂಡುಸಾಲನ್ನು ಮಾತ್ರ ನಕಲು ಮಾಡಿಕೊಳ್ಳುತ್ತಿದ್ದೇವೆ.

ಧರ್ಮಸಭೆಯ 1983ರ ಕಾನೂನು ಸಂಹಿತೆಯ 877ನೆಯ ವಿಧಿಯನ್ನು ಗಮನಿಸಿ. ಅವಿವಾಹಿತ ತಾಯಿಯ ಮಗುವಿನ ಜ್ಞಾನಸ್ನಾನವನ್ನು ಹೇಗೆ ದಾಖಲಿಸಬೇಕು, ದತ್ತುಮಗುವಿನದನ್ನು ಹೇಗೆ ದಾಖಲಿಸಬೇಕು ಎಂಬುದನ್ನು ಅದು ವಿವರಿಸುತ್ತದೆ. ತಾಯಿಯ ಹೆಸರು ಎಂದು ಬರೆಯಬೇಕು, ತಂದೆಯ ಹೆಸರಿಗೆ ಯಾವ ಪುರಾವೆ ಬೇಕು ಎಂಬುದಕ್ಕೆ ನಿಯಮಗಳಿವೆ. ತಂದೆತಾಯಿಯರ ಹೆಸರನ್ನು ಬರೆಯಲಾಗದ ಸಂದರ್ಭದಲ್ಲೂ ಮಗುವಿನ ಹೆಸರನ್ನು ಬರೆಯಲೇಬೇಕು. ಧರ್ಮಸಭೆಯ ಪುಸ್ತಕದಲ್ಲಿ ಸ್ಥಾನ ಪಡೆದ ಮಗುವಿಗೆ ಕುಟುಂಬದ ಪುಸ್ತಕದಲ್ಲಿ ಸ್ಥಾನವಿಲ್ಲ ಎನ್ನಲು ಸಮಿತಿಗೆ ಅಧಿಕಾರ ಕೊಟ್ಟವರು ಯಾರು?

ಗಂಡುಸಾಲನ್ನು ಮಾತ್ರ ಬರೆಯುವ ಪದ್ಧತಿಗೆ ಹಿಂದೆ ಒಂದು ಕಾರಣವಿತ್ತು. ಗೋವೆಯ ಗಾಂವ್ಕಾರಿ ವ್ಯವಸ್ಥೆಯಲ್ಲಿ ಗ್ರಾಮದ ಭೂಮಿಯ ಆದಾಯದ ಪಾಲು ಗಂಡುಮಕ್ಕಳ ಸಾಲಿನಲ್ಲಿ ಇಳಿಯುತ್ತಿತ್ತು. ನಮ್ಮ ಸಂಘಗಳಲ್ಲಿ ಹಂಚುವುದಕ್ಕೆ ಅಂಥ ಭೂಮಿಯೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕ್ರೈಸ್ತ ಮಗಳಿಗೆ ಮಗನಿಗೆ ಸಮನಾದ ಪಾಲನ್ನು ನೀಡುತ್ತದೆ. ಕಾನೂನು ಆಸ್ತಿಯಲ್ಲೇ ಪಾಲು ಕೊಟ್ಟಿರುವಾಗ, ನಾವು ಪುಟದಲ್ಲಿ ಒಂದು ಸಾಲು ಕೊಡಲು ಹಿಂಜರಿಯುತ್ತೇವೆ!

ಶುಭಸಂದೇಶಕಾರ ಮತ್ತಾಯನೂ ಹೆಸರುಗಳನ್ನು ಬಿಟ್ಟಿದ್ದಾನಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಬಿಟ್ಟಿದ್ದಾನೆ. ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಲೆಕ್ಕದಲ್ಲಿ ಯೋರಾಮ ಮತ್ತು ಉಜ್ಜೀಯರ ನಡುವಣ ಮೂವರು ಅರಸರನ್ನು ಕೈಬಿಟ್ಟಿದ್ದಾನೆ. ಆದರೆ ತಾಮಾರ್, ರಹಾಬ್, ರೂತ್, ಊರೀಯನ ಹೆಂಡತಿ – ಈ ನಾಲ್ವರು ಸ್ತ್ರೀಯರನ್ನು ಅವನು ಬಿಡಲಿಲ್ಲ. ಲೋಕದ ದೃಷ್ಟಿಯಲ್ಲಿ ಮುಚ್ಚಿಡಬೇಕಾದ ಕಥೆಗಳು ಅವರವು, ಪರಕುಲದವರೂ ಅವರಲ್ಲಿದ್ದರು. ಕಿರೀಟಧಾರಿಗಳನ್ನು ಬಿಟ್ಟು ಇವರನ್ನು ಉಳಿಸಿಕೊಂಡ ವಂಶಾವಳಿ ಅದು. ನಮ್ಮದು ಪದವಿ ಬಿರುದುಗಳನ್ನು ಉಳಿಸಿಕೊಂಡು ಇಂಥವರನ್ನೇ ಬಿಡುತ್ತದೆ. ಮತ್ತಾಯನ ಆ ವಂಶಾವಳಿ ಕೊನೆಗೊಳ್ಳುವುದಾದರೂ ಎಲ್ಲಿ? ಸಂತ ಜೋಸೆಫರಲ್ಲಿ. ಅವರು ಯೇಸುವಿನ ಶಾರೀರಿಕ ತಂದೆಯಲ್ಲ; ಮಗುವಿಗೆ ಹೆಸರಿಟ್ಟು ತನ್ನದೆಂದು ಸ್ವೀಕರಿಸಿದವರು. ಆ ಸ್ವೀಕಾರದ ಮೂಲಕವೇ ಪ್ರಭು ದಾವೀದನ ವಂಶದವರೆನಿಸಿಕೊಂಡರು.

ಮೂಲಪುರುಷನ ಜಾತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಜಾತಿಭೇದವನ್ನು ಘೋರ ಸಾಮಾಜಿಕ ಪಾಪವೆಂದು ಕರೆದಿದ್ದಾರೆ. ಸಮ್ಮಿಲನದ ಬಲಿಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು, ಮರುಗಳಿಗೆ ಕುಲದ ಮೇಲ್ಮೆಯನ್ನು ಮುದ್ರಿಸಿ ಹಂಚುವುದು ಹೇಗೆ ಸರಿಯಾದೀತು?

“ಹಳೆಯ ಗಾಯಗಳನ್ನು ಕೆದಕಬೇಕೇ? ಬದುಕಿರುವವರ ಮಾನದ ಪ್ರಶ್ನೆಯಲ್ಲವೇ?” ಎಂಬ ಮಾತಿನಲ್ಲಿ ಹುರುಳಿದೆ. ತನ್ನ ಜನನದ ವಿವರ ಅಚ್ಚಾಗುವುದು ಬೇಡವೆಂದು ಒಬ್ಬರು ಕೇಳಿಕೊಂಡರೆ ಅದನ್ನು ಗೌರವಿಸುವುದು ಪ್ರೀತಿ. ಅವರನ್ನು ಕೇಳದೆಯೇ ಸಮಿತಿ ತನ್ನ ಮರ್ಯಾದೆಗಾಗಿ ಅವರ ಹೆಸರನ್ನೇ ಹೊಡೆದುಹಾಕಿದರೆ ಅದು ಅನ್ಯಾಯ. ವಿಚಿತ್ರವೆಂದರೆ, ಮಾನದ ಮಾತನಾಡುವ ಇದೇ ಸಂಘಗಳು ಬದುಕಿರುವವರ ಜನ್ಮದಿನಾಂಕ, ದೂರವಾಣಿ ಸಂಖ್ಯೆ, ತಾಯಿಯ ತವರಿನ ಕುಲನಾಮಗಳನ್ನು ಯಾರ ಅನುಮತಿಯನ್ನೂ ಕೇಳದೆ ಊರಿಗೆಲ್ಲ ಹಂಚುತ್ತವೆ. ವಂಚಕರಿಗೆ ಬೇಕಾಗಿರುವುದು ಈ ವಿವರಗಳೇ. ದಾಖಲೆ ಕೈಬಿಟ್ಟು ಹೋದ ಮೇಲೆ ಅದರ ಬಳಕೆ ನಮ್ಮ ವಶದಲ್ಲಿರುವುದಿಲ್ಲ. ಮೃತರ ಹೆಸರಿನಲ್ಲಿ ಜ್ಞಾನಸ್ನಾನ ನೀಡುವ ಮೋರ್ಮನ್ ಪದ್ಧತಿಗೆ ಧರ್ಮಕೇಂದ್ರದ ದಾಖಲೆಗಳು ಬಳಕೆಯಾಗಬಾರದೆಂದು, ಅವರ ವಂಶಾವಳಿ ಸಂಸ್ಥೆಗೆ ಅವುಗಳ ಪ್ರತಿ ತೆಗೆಯಲು ಬಿಡಬಾರದೆಂದು ವ್ಯಾಟಿಕನ್ 2008ರಲ್ಲಿ ಧರ್ಮಾಧ್ಯಕ್ಷರಿಗೆ ಪತ್ರ ಬರೆಯಬೇಕಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಮಗಳ ಹೆಸರನ್ನು, ಆಕೆಯ ಪತಿ ಮತ್ತು ಮಕ್ಕಳ ಹೆಸರುಗಳನ್ನು ಮಗನಷ್ಟೇ ಪೂರ್ಣವಾಗಿ ಬರೆಯಿರಿ. ದತ್ತುಮಗುವನ್ನು ಯಾವ ಗುರುತೂ ಇಲ್ಲದೆ ಮಗುವೆಂದೇ ಬರೆಯಿರಿ. ಪ್ರತಿ ಹೆಸರಿನ ಮುಂದೆ ಆಧಾರವಿರಲಿ: ಯಾವ ಧರ್ಮಕೇಂದ್ರ, ಯಾವ ಪುಸ್ತಕ, ಯಾವ ಪುಟ. ಹಿರಿಯರ ಬಾಯಿಮಾತಾದರೆ ಬಾಯಿಮಾತೆಂದೇ ನಮೂದಿಸಿ. ಆಧಾರವಿಲ್ಲದ ಮೂಲಪುರುಷನನ್ನು ಕೈಬಿಡಿ. ಮೃತರ ವಿವರ ಪುಸ್ತಕದಲ್ಲಿ ಬರಲಿ. ಬದುಕಿರುವವರದು ಅವರ ಒಪ್ಪಿಗೆಯಿಂದ, ಅವರು ಒಪ್ಪಿದಷ್ಟು ಮಾತ್ರ ಬರಲಿ. ತಪ್ಪು ತಿದ್ದುವ ಹಾದಿ ತೆರೆದಿರಲಿ.

ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಸೆರೆಯಿಂದ ಮರಳಿದ ಕೆಲವರು ವಂಶಾವಳಿಯಲ್ಲಿ ತಮ್ಮ ಹೆಸರುಗಳನ್ನು ಹುಡುಕುತ್ತಾರೆ; ಸಿಗುವುದಿಲ್ಲ; ಯಾಜಕತ್ವದಿಂದ ಹೊರಗುಳಿಯುತ್ತಾರೆ. ನಾವೂ ಸೆರೆಯಿಂದ ಮರಳಿದವರ ಮಕ್ಕಳು. ಮುಂದಿನ ಸಮ್ಮಿಲನದಲ್ಲಿ ಯಾವಳೋ ಮಗಳು, ಯಾರದೋ ಮಗು ಅದೇ ರೀತಿ ಪುಟ ತಿರುವುತ್ತಾ ತನ್ನ ಹೆಸರನ್ನು ಹುಡುಕುವುದುಂಟು. ಪುಸ್ತಕ ಅಚ್ಚಿಗೆ ಹೋಗುವ ಮುನ್ನ, ಸಮಿತಿಯ ಬಂಧುಗಳೇ, ಆ ಹೆಸರು ಅಲ್ಲಿದೆಯೇ ಎಂದು ಒಮ್ಮೆ ನೋಡಿ.