ತಪ್ಪು ಮಾಡದೆ ಹಿಡೀತಾರೇನ್ರಿ?

ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುವಾಗ ನಮ್ಮ ಬೀದಿಯ ಹೆಂಗಸರು ಟೀವಿ ಸುದ್ದಿಯನ್ನೂ ಜೊತೆಗೇ ಸುಲಿದುಹಾಕುತ್ತೇವೆ. 2025ರ ಜನವರಿಯಲ್ಲಿ ಗಾಜಾದ ಕದನವಿರಾಮವಾಗಿ, ಇಸ್ರೇಲಿನ ಸೆರೆಯಿಂದ ಬಿಡುಗಡೆಯಾದ ಪ್ಯಾಲೆಸ್ತೀನಿ ಹೆಂಗಸರನ್ನು ತೋರಿಸಿದರಲ್ಲ, ಅವರಲ್ಲಿ ತಲೆಗೂದಲು ಪೂರ್ತಿ ಬೆಳ್ಳಗಾದ ಒಬ್ಬಾಕೆ ಇದ್ದರು. ಮರುದಿನ ಪಕ್ಕದ ಮನೆಯವರು ಕೇಳಿದರು: ‘ಅಲ್ರೀ, ಏನೂ ತಪ್ಪು ಮಾಡದೆ ಯಾರನ್ನಾದ್ರೂ ಹಿಡಿದು ಒಳಗೆ ಹಾಕ್ತಾರೇನ್ರಿ? ಕೋರ್ಟು ಅಂತ ಒಂದಿರಲ್ವಾ?’

ಇರುತ್ತದೆ. ನನ್ನ ಸಿಟ್ಟೆಲ್ಲ ಆ ಕೋರ್ಟಿನ ಮೇಲೇ.

1967ರ ಯುದ್ಧದಲ್ಲಿ ಇಸ್ರೇಲ್ ಜೋರ್ಡಾನ್ ನದಿಯ ಪಶ್ಚಿಮ ದಂಡೆಯನ್ನು ವಶಮಾಡಿಕೊಂಡಿತು. ಅಂದಿನಿಂದ ಅಲ್ಲಿನ ಪ್ಯಾಲೆಸ್ತೀನಿಯರಿಗೆ ಸೈನ್ಯದ ಕೋರ್ಟು. ನ್ಯಾಯಾಧೀಶರೂ ಸಮವಸ್ತ್ರದವರು, ಆರೋಪ ಹೊರಿಸುವವರೂ ಸಮವಸ್ತ್ರದವರು. ಕಲಾಪ ನಡೆಯುವುದು ಹೀಬ್ರೂವಿನಲ್ಲಿ. ಅದೇ ನೆಲದಲ್ಲಿ ಮನೆ ಕಟ್ಟಿಕೊಂಡ ಯಹೂದಿ ವಲಸಿಗರಿಗೆ ಮಾತ್ರ ಇಸ್ರೇಲಿನ ಸಾಮಾನ್ಯ ಕೋರ್ಟು. ಒಂದೇ ರಸ್ತೆಯಲ್ಲಿ ಇಬ್ಬರು ಹುಡುಗರು ಕಲ್ಲೆಸೆದರೆ ಒಬ್ಬನಿಗೆ ಒಂದು ಕಾನೂನು, ಇನ್ನೊಬ್ಬನಿಗೆ ಇನ್ನೊಂದು. ಪ್ಯಾಲೆಸ್ತೀನಿ ಹುಡುಗನಿಗೆ ಹನ್ನೆರಡು ತುಂಬಿದ್ದರೆ ಸಾಕು, ಜೈಲಿಗೆ ಕಳಿಸಬಹುದು. 1967ರಲ್ಲೇ ಹೊರಡಿಸಿದ 101ನೇ ಸೈನಿಕ ಆಜ್ಞೆಯ ಪ್ರಕಾರ ಹತ್ತು ಮಂದಿ ಅನುಮತಿಯಿಲ್ಲದೆ ರಾಜಕೀಯ ಮಾತಾಡಲು ಸೇರಿದರೂ ಅಪರಾಧ. ಹತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದು. ನಮ್ಮ ಜಗಲಿಯಲ್ಲಿ ಅವತ್ತು ಹನ್ನೊಂದು ಜನ ಇದ್ದೆವು!

ಈ ಕೋರ್ಟುಗಳಲ್ಲಿ ಬಹುತೇಕ ಎಲ್ಲರೂ ತಪ್ಪಿತಸ್ಥರಾಗುತ್ತಾರೆ. ಅದು ಹೇಗೆ ಅಂತೀರಾ? ಹಿಡಿದವರಿಗೆ ಜಾಮೀನು ಸಿಗುವುದು ಕಷ್ಟ. ವಿಚಾರಣೆ ಪೂರ್ತಿ ನಡೆಯಲಿ ಎಂದು ಹಟ ಹಿಡಿದರೆ ಶಿಕ್ಷೆಯ ಅವಧಿಗಿಂತ ಹೆಚ್ಚು ಕಾಲ ಒಳಗೇ ಕೊಳೆಯಬೇಕಾದೀತು. ಆಗ ವಕೀಲರೇ ತಾಯಿಗೆ ಹೇಳುತ್ತಾರೆ, ‘ಒಪ್ಪಿಕೊಂಡುಬಿಡಲಿ, ಬೇಗ ಮನೆಗೆ ಬರ್ತಾನೆ’ ಎಂದು. ಮಗ ಮನೆಗೆ ಬಂದರೆ ಸಾಕು ಅನ್ನದ ತಾಯಿ ಯಾರಿದ್ದಾಳೆ? ಹುಡುಗ ಒಪ್ಪುತ್ತಾನೆ. ದಾಖಲೆಯಲ್ಲಿ ಇನ್ನೊಬ್ಬ ಅಪರಾಧಿ.

ಇಷ್ಟೂ ತೊಂದರೆ ಬೇಡವೆಂದರೆ ‘ಆಡಳಿತಾತ್ಮಕ ಬಂಧನ’ ಇದೆ. ಆರೋಪವಿಲ್ಲ, ವಿಚಾರಣೆಯಿಲ್ಲ. ಗುಟ್ಟಿನ ಕಡತವೊಂದಿರುತ್ತದೆ, ಅದನ್ನು ವಕೀಲರೂ ನೋಡುವ ಹಾಗಿಲ್ಲ. ಒಂದು ಸಲಕ್ಕೆ ಆರು ತಿಂಗಳು, ಮುಗಿದ ಮೇಲೆ ಮತ್ತೆ ಆರು ತಿಂಗಳು, ಕೊನೆಯೆಂಬುದಿಲ್ಲ. 2023ರ ಅಂತ್ಯಕ್ಕೆ ಹೀಗೆ 3,000ಕ್ಕೂ ಹೆಚ್ಚು ಜನ ಒಳಗಿದ್ದರು. ಈ ವಿದ್ಯೆಯ ಬೇರು ಪ್ಯಾಲೆಸ್ತೀನನ್ನು ಬ್ರಿಟಿಷರು ಆಳುತ್ತಿದ್ದಾಗ 1945ರಲ್ಲಿ ತಂದ ತುರ್ತು ನಿಯಮಗಳಲ್ಲಿದೆ. ನಮಗೂ ಅವರದೇ ಬಳುವಳಿ, 1919ರ ರೌಲಟ್ ಕಾಯ್ದೆ. ಅವರು ಹೋದ ಮೇಲೂ ಆ ಚಾಳಿ ನಮ್ಮನ್ನು ಬಿಡಲಿಲ್ಲ; ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬೆಂಗಳೂರು ಜೈಲಿನಲ್ಲಿದ್ದ ಸ್ನೇಹಲತಾ ರೆಡ್ಡಿ, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

‘ಆದರೆ ಅವರಿಗೂ ಭದ್ರತೆ ಬೇಕಲ್ವಾ?’ ಎಂದರು ಪಕ್ಕದ ಮನೆಯವರು. ಬೇಕು. 2023ರ ಅಕ್ಟೋಬರ್ 7ರಂದು ಹಮಾಸಿನವರು ನಡೆಸಿದ ಕೊಲೆಗಳನ್ನು ನಾನು ಸಮರ್ಥಿಸಲಾರೆ. ಕೊಂದವರ ವಿಚಾರಣೆ ನಡೆಯಲಿ. ಆರೋಪವನ್ನು ಎದುರಿಗೆ ಓದಲಿ, ಸಾಕ್ಷಿ ತೋರಿಸಲಿ. ಭದ್ರತೆಯ ಮಾತೇ ನಿಜವಾಗಿದ್ದರೆ ಅದು ಎಲ್ಲರಿಗೂ ಒಂದೇ ಇರಬೇಕಿತ್ತು. 2024ರ ನವೆಂಬರಿನಲ್ಲಿ ಇಸ್ರೇಲಿನ ರಕ್ಷಣಾ ಮಂತ್ರಿ, ಯಹೂದಿ ವಲಸಿಗರ ಮೇಲೆ ಮಾತ್ರ ಇನ್ನು ಈ ಬಂಧನ ಬಳಸುವುದಿಲ್ಲವೆಂದು ಸಾರಿದರು. ಇದಕ್ಕೆ ಏನನ್ನುತ್ತೀರಿ?

ಅಂದಹಾಗೆ, ಟೀವಿಯಲ್ಲಿ ಕಂಡ ಆ ಬಿಳಿಗೂದಲಿನಾಕೆ ಖಾಲಿದಾ ಜರ್ರಾರ್. 2006ರಲ್ಲಿ ಪ್ಯಾಲೆಸ್ತೀನಿನ ಶಾಸನಸಭೆಗೆ ಆರಿಸಿ ಬಂದವರು. 2015ರಿಂದ ಮತ್ತೆ ಮತ್ತೆ ಸೆರೆ. 2017ರಿಂದ ಸುಮಾರು ಇಪ್ಪತ್ತು ತಿಂಗಳು ಯಾವ ಆರೋಪವೂ ಇಲ್ಲದೆ. 2021ರಲ್ಲಿ ಎರಡು ವರ್ಷದ ಶಿಕ್ಷೆಯಾದದ್ದು ಕೊಲೆಗಲ್ಲ, ನಿಷೇಧಿತ ಪಕ್ಷದಲ್ಲಿದ್ದುದಕ್ಕೆ. ಆಗ ಅವರನ್ನಿಟ್ಟಿದ್ದು ಹೈಫಾ ಬಳಿಯ ಡಾಮೋನ್ ಜೈಲಿನಲ್ಲಿ, ಅಂದರೆ ಇಸ್ರೇಲಿನೊಳಗೆ. ಆಕ್ರಮಿತ ನೆಲದ ಕೈದಿಗಳನ್ನು ಆ ನೆಲದಲ್ಲೇ ಇಡಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ, ಹೇಳಿದರೆ ಕೇಳುವವರಾರು? ಆ ವರ್ಷದ ಜುಲೈನಲ್ಲಿ ಅವರ ಮಗಳು ರಾಮಲ್ಲಾದ ಮನೆಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಳು. ಮಣ್ಣಿಗೆ ಹೋಗಲು ತಾಯಿಯನ್ನು ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಗೋರಿಗೆ ಹೋದರು.

ಇದಿಷ್ಟನ್ನೂ ಹೇಳಿದೆ. ಪಕ್ಕದ ಮನೆಯವರು ಮೊರವನ್ನು ಕೆಳಗಿಟ್ಟು, ‘ಆ ಹುಡುಗಿಗೆ ಎಷ್ಟು ವಯಸ್ಸು?’ ಎಂದರು.

ಮೂವತ್ತೊಂದು ಎಂದೆ.