ಮರದ ಚೊಗರು, ಹಳ್ಳದ ಹಸಿರು

ಅಡಿಕೆ ಬೇಯಿಸಿದ ಹಂಡೆಯ ನೀರು ಕೆಂಪಡರಿ ಚೊಗರಾಗುವುದು ಮಲೆನಾಡಿನ ಮನೆಮನೆಗೂ ತಿಳಿದ ಸಂಗತಿ. ಕಡಿದ ಮರ ನೀರಿನಲ್ಲಿ ನೆನೆದಾಗಲೂ ನಡೆಯುವುದು ಇಂಥದೇ ಕ್ರಿಯೆ. ತೊಗಟೆ ಮತ್ತು ತಿರುಳಿನಲ್ಲಿರುವ ಟ್ಯಾನಿನ್, ಫೀನಾಲ್ ಜಾತಿಯ ಸಂಯುಕ್ತಗಳು, ಸಕ್ಕರೆ, ರಾಳದ ಅಂಶಗಳು ಮೆಲ್ಲನೆ ನೀರಿಗಿಳಿಯುತ್ತವೆ. ಹಳ್ಳಕ್ಕೆ ಕೊಳಚೆ ಬಿಟ್ಟರೆ ಸಿಡಿದೇಳುವ ಊರುಗಳು, ದಂಡೆಯಲ್ಲಿ ಪೇರಿಸಿದ ನಾಟಾ ರಾಶಿಯನ್ನೂ ನೀರಿಗೆ ಸುರಿದ ಮರದ ಹೊಟ್ಟನ್ನೂ ಕಂಡು ಸುಮ್ಮನಿರುತ್ತವೆ. ಮರವೆಂಬುದು ನಿಸರ್ಗದ್ದೇ, ಅದರಿಂದೇನು ಕೇಡು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಅರ್ಧಸತ್ಯ ಮಾತ್ರ.

ಚೊಗರು ಬೆರೆತ ಕಂದು ನೀರು ಬೆಳಕನ್ನು ಹೀರಿಕೊಳ್ಳುತ್ತದೆ. ನೀರಿನಡಿಯಲ್ಲಿ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಸಸ್ಯಗಳಿಗೆ ಬಿಸಿಲು ತಲುಪದೆ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಸಕ್ಕರೆಯ ಅಂಶವನ್ನು ತಿಂದು ಹೆಚ್ಚುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬರಿದುಮಾಡುತ್ತವೆ. ಕೆಲವು ಸಂಯುಕ್ತಗಳು ಪಾಚಿಯ ಬೆಳವಣಿಗೆಯನ್ನೇ ತಡೆಯುತ್ತವೆ. ಕೊಳೆಯುವ ಬಾರ್ಲಿ ಹುಲ್ಲು ಮತ್ತು ಕೊಳೆತ ಮರಕ್ಕೆ ಈ ಗುಣವಿರುವುದನ್ನು ಇಂಗ್ಲೆಂಡಿನ ಸಂಶೋಧಕರು 1990ರ ದಶಕದಲ್ಲಿ ತೋರಿಸಿದ್ದಾರೆ. ಪಶ್ಚಿಮಘಟ್ಟದ ತೊರೆಗಳಲ್ಲಿ ಬರಿಬಂಡೆಗೆ ಅಂಟಿ ಮಳೆಗಾಲದಲ್ಲಿ ಬೆಳೆದು, ನೀರಿಳಿದಾಗ ಹೂಬಿಡುವ ಪೊಡೊಸ್ಟೆಮೇಸಿ ಕುಟುಂಬದ ಪುಟ್ಟ ಸಸ್ಯಗಳಿವೆ. ಬಂಡೆಯ ಮೇಲೆ ಹೊಟ್ಟು ಮೆತ್ತಿಕೊಂಡರೆ ಅವುಗಳಿಗೆ ನೆಲೆಯೇ ಇಲ್ಲ.

ಹಾಗೆಂದು ನೀರಿಗೆ ಬಿದ್ದ ಮರವೆಲ್ಲ ವಿಷವಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಬೇರು, ತರಗೆಲೆ, ಬಿದ್ದ ಮರಗಳ ನಡುವೆಯೇ ನೀರು ಹರಿಯುತ್ತದೆ. ಅಲ್ಲಿಯ ಜೀವಜಾಲ ಅದಕ್ಕೆ ಹೊಂದಿಕೊಂಡೇ ಬೆಳೆದಿದೆ. ಕಾಡಿನ ಹಳ್ಳಕ್ಕೆ ಅಡ್ಡಬಿದ್ದ ಮರ ಮೀನಿಗೆ ಆಸರೆ, ಮಣ್ಣಿಗೆ ತಡೆ. ಅದನ್ನು ಎಳೆದು ಸ್ವಚ್ಛಮಾಡುವ ಉತ್ಸಾಹವೂ ತಪ್ಪು. ಕೇಡಿರುವುದು ಪ್ರಮಾಣದಲ್ಲಿ, ಕಾಲದಲ್ಲಿ. ಕುಟ್ಟೆ ಹಿಡಿಯದಿರಲೆಂದು ಬಿದಿರನ್ನು ನೀರಿನಲ್ಲಿ ಮುಳುಗಿಸಿಡುವುದು ಹಳೆಯ ಪದ್ಧತಿ. ತುಂಬಿ ಹರಿಯುವ ಹೊಳೆಗೆ ಅದು ಲೆಕ್ಕಕ್ಕಿಲ್ಲ; ಬೇಸಿಗೆಯಲ್ಲಿ ನಿಂತ ಗುಂಡಿಗೆ ಅದೇ ಹೊರೆ.

ಇದಕ್ಕಿಂತ ಗಂಭೀರವಾದದ್ದು ಔಷಧಿ ಹಾಕಿದ ಮರ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮರವನ್ನು ಗೆದ್ದಲಿನಿಂದ ಕಾಯುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶನ್. ಮರದ ಆಯುಷ್ಯವನ್ನು ಅದು ಹೆಚ್ಚಿಸಿತು, ನಿಜ. ಆದರೆ ಈ ಲವಣಗಳಲ್ಲಿ ಸ್ವಲ್ಪ ಭಾಗ ಮಳೆನೀರಿನೊಡನೆ ಹೊರಬರುತ್ತದೆ, ಆಮ್ಲೀಯ ನೀರಿನಲ್ಲಿ ಇನ್ನಷ್ಟು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಬಹುತೇಕ ಮರಗಳಿಗೆ ಇದನ್ನು ಹಾಕುವುದು ನಿಂತಿತು. ಮೈಲುತುತ್ತದಿಂದ ಬೋರ್ಡೋ ದ್ರಾವಣ ಮಾಡಿ ಕೊಳೆರೋಗಕ್ಕೆ ಹೊಡೆಯುವ ರೈತನಿಗೆ ತಾಮ್ರದ ಶಕ್ತಿಯನ್ನು ಬೇರೆ ಹೇಳಬೇಕಿಲ್ಲ. ನೀರಿಗಿಳಿದ ತಾಮ್ರಕ್ಕೆ ರೋಗಾಣು ಯಾವುದು, ಹಳ್ಳದ ಪಾಚಿ ಯಾವುದು ಎಂಬ ಭೇದವಿಲ್ಲ.

ಪಾಚಿ ಮತ್ತು ಜಲಸಸ್ಯಗಳು ಹೋದರೆ ಅವನ್ನು ತಿನ್ನುವ ಹುಳುಗಳಿಲ್ಲ, ಹುಳುಗಳಿಲ್ಲದಿದ್ದರೆ ಮೀನಿಲ್ಲ. ಆದ್ದರಿಂದ ನಾಟಾ ಸಂಗ್ರಹ, ಸಾಮಿಲ್ಲಿನ ಹೊಟ್ಟಿನ ರಾಶಿ ಇವೆಲ್ಲ ಹಳ್ಳದ ದಂಡೆಯಿಂದ ದೂರ ಸರಿಯಬೇಕು. ಒರತೆ, ಕುಡಿಯುವ ನೀರಿನ ಕೆರೆಗಳ ಬಳಿ ಔಷಧಿ ಹಾಕಿದ ಮರ ನೆಡಕೂಡದು, ಅದರ ತುಂಡುಗಳನ್ನು ಸುಡಲೂಕೂಡದು; ಬೂದಿಯಲ್ಲಿ ಆರ್ಸೆನಿಕ್ ಉಳಿಯುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಡಿ ರಚಿತವಾಗುವ ಗ್ರಾಮಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ದಾಖಲಾತಿಯಲ್ಲಿ ಕಾಡಿನ ಮರಗಳಷ್ಟೇ ಮುತುವರ್ಜಿಯಿಂದ ಹಳ್ಳದ ಸಸ್ಯಗಳನ್ನೂ ಬರೆಯಬೇಕು. ವಿದ್ಯಾರ್ಥಿಗಳಿಗೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ನಾಟಾ ರಾಶಿಯ ಮೇಲ್ಭಾಗದ ಮತ್ತು ಕೆಳಭಾಗದ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಹಿಡಿದು ಬಣ್ಣ ನೋಡಲಿ, ಎರಡೂ ಕಡೆಯ ಕಲ್ಲುಗಳ ಮೇಲೆ ಏನು ಬೆಳೆದಿದೆ ಎಂದು ತಿಂಗಳಿಗೊಮ್ಮೆ ಬರೆದಿಡಲಿ. ಕಾಡು ಉಳಿಸುವ ಮಾತು ಹಳ್ಳದ ತಳದವರೆಗೂ ಇಳಿಯಬೇಕಾಗಿದೆ.